ತಾತನ ಡ್ಯೂ ಡೇಟ್

ಎಲ್ಲರಿಗೂ ನಮಸ್ಕಾರ.

ಅಮೆರಿಕ ಪ್ರವಾಸದ ಬಗ್ಗೆ ಮಾತಾಡಿ ಅಂತ ನಮ್ಮ ವಾಚನಾಲಯದವರು ಕರೆದಾಗ ಮೊದಲು ಬೇಡ ಅಂದೆ. ನಮ್ಮ ಬೀದಿಯೊಂದರಲ್ಲೇ ಮೂರು ಮನೆಯವರು ಹೋಗಿ ಬಂದಿದ್ದಾರೆ. ನಯಾಗರಾ ಮುಂದೆ ನೀಲಿ ರೇನ್‌ಕೋಟ್ ಹಾಕಿಕೊಂಡು ನಿಂತದ್ದು, ಟೈಮ್ಸ್ ಸ್ಕ್ವೇರ್‌ನಲ್ಲಿ ಕತ್ತು ನೋಯುವವರೆಗೆ ಮೇಲೆ ನೋಡಿದ್ದು, ಎಲ್ಲರ ಫೋನಿನಲ್ಲೂ ಅವೇ ಫೋಟೊಗಳು. ಮುಖ ಮಾತ್ರ ಬೇರೆ ಬೇರೆ. ಅದಕ್ಕೇ ಒಂದು ಷರತ್ತು ಹಾಕಿದೆ. ಕೊನೆಯ ಎರಡು ವಾರದ ಬಗ್ಗೆ ಮಾತ್ರ ಮಾತಾಡುತ್ತೇನೆ ಅಂದೆ. ನೋಡುವುದೆಲ್ಲ ಮುಗಿದಿದೆ, ಹೊರಡುವ ದಿನ ಇನ್ನೂ ಬಂದಿಲ್ಲ, ಆ ಅಡ್ಡ ದಿನಗಳಿವೆಯಲ್ಲ, ಅವು. ಆ ದಿನಗಳ ಫೋಟೊ ನನ್ನ ಹತ್ತಿರ ಒಂದೂ ಇಲ್ಲ.

ಕೊನೆ ಹತ್ತಿರ ಬಂತು ಅಂತ ನನಗೆ ಗೊತ್ತಾದದ್ದು ಮಾತ್ರೆಯಿಂದ. ಗಾಬರಿ ಬೇಡ, ಪ್ರವಾಸದ ಕೊನೆ ಅಂತ ಹೇಳಿದ್ದು. ಅಲ್ಲಿ ಡಾಕ್ಟರ ಚೀಟಿ ಇಲ್ಲದೆ ಬಿಪಿ ಮಾತ್ರೆ ಸಿಗುವುದಿಲ್ಲ, ಡಾಕ್ಟರ ಖರ್ಚಂತೂ ಕೇಳಲೇಬೇಡಿ. ಹಾಗಾಗಿ ಆರು ತಿಂಗಳಿಗೆ ಆಗುವಷ್ಟು ಮಾತ್ರೆ ಇಲ್ಲಿಂದಲೇ ಎಣಿಸಿಕೊಂಡು ಹೋಗಿದ್ದೆ. ಏಪ್ರಿಲ್‌ನಲ್ಲಿ ಆ ಡಬ್ಬಿ ಮುಚ್ಚಲು ಆಗುತ್ತಿರಲಿಲ್ಲ. ಅಕ್ಟೋಬರ್ ಮೊದಲ ವಾರ ಒಂದು ಬೆಳಿಗ್ಗೆ ಕೈ ಹಾಕಿದರೆ ತಳ ಸಿಕ್ಕಿತು. ಎರಡು ಪಟ್ಟಿ ಉಳಿದಿತ್ತು. ಗೋಡೆಯ ಕ್ಯಾಲೆಂಡರ್ ನೋಡುವ ಅಗತ್ಯವೇ ಬೀಳಲಿಲ್ಲ.

ಈ ಆರು ತಿಂಗಳ ಲೆಕ್ಕ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ವೀಸಾ ಹತ್ತು ವರ್ಷದ್ದು ಕೊಡುತ್ತಾರೆ. ಹತ್ತು ವರ್ಷ ಅಲ್ಲೇ ಇರಬಹುದು ಅಂತ ಅದರ ಅರ್ಥ ಅಲ್ಲ. ಬಾಗಿಲು ತಟ್ಟಬಹುದು, ಅಷ್ಟೇ. ವಿಮಾನ ಇಳಿದಾಗ ಕೌಂಟರಿನಲ್ಲಿ ಕೂತಿರುವ ಅಧಿಕಾರಿ ಎಷ್ಟು ದಿನ ಅಂತ ತೀರ್ಮಾನ ಮಾಡುತ್ತಾರೆ, ನಮ್ಮಂಥ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಆರು ತಿಂಗಳು. ಇದಕ್ಕೆ ಐ-94 ಅನ್ನುತ್ತಾರೆ. 2013ರವರೆಗೆ ಒಂದು ಬಿಳಿ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಡುತ್ತಿದ್ದರು. ಈಗ ವಿಮಾನದಲ್ಲಿ ಹೋದವರಿಗೆ ಅದೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ. ಮಗ ತೆಗೆದು ತೋರಿಸಿದ. ನನ್ನ ಹೆಸರು, ಬಂದ ದಿನ, ಯಾವ ದಿನದೊಳಗೆ ಹೊರಡಬೇಕು ಅನ್ನುವುದು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಆರು ವರ್ಷದ ಮೊಮ್ಮಗ ಕೇಳಿದ, "ತಾತ, ಇದು ನಿನ್ನ ಡ್ಯೂ ಡೇಟಾ?"

ಅವನಿಗೆ ಗೊತ್ತಿರುವ ಡ್ಯೂ ಡೇಟ್ ಒಂದೇ, ಲೈಬ್ರರಿಯದ್ದು. ಪುಸ್ತಕ ವಾಪಸ್ ಕೊಡಬೇಕಾದ ದಿನ. ನಾನು ಹೌದು ಅಂದೆ. "ರಿನ್ಯೂ ಮಾಡಬಹುದಲ್ವಾ?" ಅಂದ. ಮಾಡಬಹುದು, ನಿಜವಾಗಿಯೂ. ಅದಕ್ಕೆ ಐ-539 ಅಂತ ಒಂದು ಅರ್ಜಿ ಇದೆ, ಫೀಸು ಇದೆ, ಯಾಕೆ ಇನ್ನೂ ಇರಬೇಕು ಅಂತ ಬರೆದುಕೊಡಬೇಕು. ಆದರೆ ನವೆಂಬರ್‌ನಲ್ಲಿ ನಾನು ಬದುಕಿದ್ದೇನೆ ಅಂತ ಇಲ್ಲಿ ಸರ್ಟಿಫಿಕೇಟ್ ಕೊಡಬೇಕಲ್ಲ! ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಇದನ್ನು ಆರು ವರ್ಷದ ಹುಡುಗನಿಗೆ ಹೇಗೆ ವಿವರಿಸುವುದು? ಮಂಡ್ಯದಲ್ಲಿ ಬೇರೆ ಯಾರೋ ನನ್ನನ್ನು ರಿಸರ್ವ್ ಮಾಡಿದ್ದಾರೆ ಅಂತ ಹೇಳಿದೆ. ಒಪ್ಪಿಕೊಂಡ. ಇನ್ನೊಬ್ಬರು ರಿಸರ್ವ್ ಮಾಡಿದ ಪುಸ್ತಕ ರಿನ್ಯೂ ಆಗುವುದಿಲ್ಲ ಅಂತ ಅವನಿಗೆ ಗೊತ್ತು.

ಅಲ್ಲಿಂದ ಶುರುವಾಯಿತು ನೋಡಿ. ಆ ಎರಡು ವಾರ ನಾವು ಮಾಡಿದ್ದೆಲ್ಲ ವಾಪಸ್ ಕೊಡುವ ಕೆಲಸ. ಮೊದಲು ಲೈಬ್ರರಿ. ಮೊಮ್ಮಗ ಒಂದೊಂದು ಸಲಕ್ಕೆ ಇಪ್ಪತ್ತು ಪುಸ್ತಕ ಹೊತ್ತು ತರುತ್ತಿದ್ದ, ನಾನು ಅವನ ಹಮಾಲಿ. ಹೊರಗೆ ಗೋಡೆಯಲ್ಲಿ ಒಂದು ಕಿಂಡಿ ಇದೆ, ರಾತ್ರಿ ಹನ್ನೆರಡಕ್ಕೆ ಹೋದರೂ ಪುಸ್ತಕ ಅದರೊಳಗೆ ಹಾಕಿ ಬರಬಹುದು. ತಡವಾದರೆ ದಂಡ ಎಷ್ಟು ಅಂತ ಕೇಳಿದೆ. ಆ ದೇಶದ ದೊಡ್ಡ ದೊಡ್ಡ ಊರುಗಳಲ್ಲಿ ಈಗ ದಂಡವನ್ನೇ ತೆಗೆದುಬಿಟ್ಟಿದ್ದಾರೆ ಅಂತ ಆಗ ಗೊತ್ತಾಯಿತು. ಷಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ 2019ರಲ್ಲಿ ತೆಗೆದವು, ನ್ಯೂಯಾರ್ಕ್ 2021ರಲ್ಲಿ. ದಂಡಕ್ಕೆ ಹೆದರಿ ಬಡವರ ಮಕ್ಕಳು ಲೈಬ್ರರಿಗೆ ಬರುವುದನ್ನೇ ಬಿಡುತ್ತಿದ್ದರಂತೆ. ದಂಡ ತೆಗೆದ ಮೇಲೆ ಷಿಕಾಗೊದಲ್ಲಿ ಎಂದೋ ಹೋಗಿದ್ದ ಪುಸ್ತಕಗಳು ವಾಪಸ್ ಬರತೊಡಗಿದವಂತೆ. ಪುಸ್ತಕ ಕಳೆದುಹಾಕಿದರೆ ಮಾತ್ರ ಬೆಲೆ ಕಟ್ಟಬೇಕು. ಇದನ್ನು ಇಲ್ಲಿ ಈ ವಾಚನಾಲಯದಲ್ಲಿ ನಿಂತು ಹೇಳುವುದಕ್ಕೆ ನನಗೆ ಸ್ವಲ್ಪ ಸಂಕೋಚ. ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಎರಡನೆಯದು ಅಂಗಡಿ. ನಮ್ಮ ಮನೆಯವರು ಜೂನ್‌ನಲ್ಲಿ ಒಂದು ಸ್ವೆಟರ್ ತೆಗೆದುಕೊಂಡಿದ್ದರು, ಚಳಿ ಶುರುವಾದ ಮೇಲೆ ಹಾಕಿ ನೋಡಿದರೆ ತೋಳು ಬಿಗಿ. ವಾಪಸ್ ಕೊಡೋಣ ಅಂದಳು ಸೊಸೆ. ನನಗೆ ಕೈಕಾಲೇ ಆಡಲಿಲ್ಲ. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಅನ್ನುವ ಬೋರ್ಡಿನ ಕೆಳಗೆ ನಿಂತು ವ್ಯಾಪಾರ ಮಾಡಿ ಬೆಳೆದವನು ನಾನು. ನಾಲ್ಕು ತಿಂಗಳಾಗಿದೆ, ಏನಂತ ಹೇಳುವುದು ಅಂತ ಕಾರಿನಲ್ಲಿ ಕಾರಣ ಹೊಂದಿಸಿಕೊಂಡು ಹೋದೆ. ಕೌಂಟರಿನ ಹೆಂಗಸು ಕಾರಣ ಕೇಳಲೇ ಇಲ್ಲ. ಬಿಲ್ಲು ನೋಡಿದರು, ಟಕ್ ಅಂತ ದುಡ್ಡು ವಾಪಸ್ ಹಾಕಿದರು, ಒಳ್ಳೆಯ ದಿನವಾಗಲಿ ಅಂದರು. ನಾನು ಹೊಂದಿಸಿಕೊಂಡ ಸುಳ್ಳು ಬಾಯಲ್ಲೇ ಉಳಿಯಿತು.

ಹೊರಗೆ ಬಂದು ಆಹಾ ಎಂಥ ದೇಶ ಅಂದೆ. ಮಗ ನಕ್ಕ. ಹೀಗೆ ವಾಪಸ್ ಬಂದ ಮಾಲೆಲ್ಲ ಮತ್ತೆ ಅದೇ ಕಪಾಟಿಗೆ ಹೋಗುತ್ತೆ ಅಂದುಕೊಂಡ್ಯಾ ಅಪ್ಪ ಅಂದ. ಎಷ್ಟೋ ಸಾಮಾನು ಕಡಿಮೆ ಬೆಲೆಗೆ ಲಾಟಿನಲ್ಲಿ ಬೇರೆಯವರ ಪಾಲಾಗುತ್ತದಂತೆ, ಇನ್ನು ಕೆಲವನ್ನು ವಿಂಗಡಿಸುವ ಕೂಲಿಯೇ ಜಾಸ್ತಿ ಅಂತ ಕಸಕ್ಕೆ ಹಾಕುತ್ತಾರಂತೆ. ವಾಪಸ್ ಕೊಡುವುದು ಇಷ್ಟು ಸುಲಭ ಅಂತಲೇ ಜನ ಬೇಡದ್ದನ್ನೂ ಕೊಳ್ಳುತ್ತಾರೆ ಅಂದ. ಇರಬಹುದು. ಆ ಸ್ವೆಟರ್ ಎಲ್ಲಿ ಹೋಯಿತೋ ಅಂತ ಆಮೇಲೆ ನಾಲ್ಕು ದಿನ ತಲೆಯಲ್ಲಿ ಕೊರೆಯಿತು. ನಮ್ಮ ಮನೆಯವರಂತೂ ನನ್ನ ತಂಗಿಗಾದರೂ ತರಬಹುದಿತ್ತು ಅಂತ ಇವತ್ತಿಗೂ ಅನ್ನುತ್ತಾರೆ.

ಈಗ ನನಗೆ ಇಷ್ಟವಾದ ದಿನಕ್ಕೆ ಬರುತ್ತೇನೆ. ಮಗನ ಮನೆ ನ್ಯೂಜೆರ್ಸಿಯ ಎಡಿಸನ್ ಅನ್ನುವ ಊರಿನಲ್ಲಿ. ಓಕ್ ಟ್ರೀ ರೋಡ್ ಅಂತ ಇದೆ, ಅಲ್ಲಿ ನಿಂತರೆ ಅಮೆರಿಕ ಅಂತ ಅನ್ನಿಸುವುದೇ ಇಲ್ಲ, ಸೀರೆ ಅಂಗಡಿ, ಚಿನ್ನದ ಅಂಗಡಿ, ಕರಿಬೇವು, ನುಗ್ಗೆಕಾಯಿ ಎಲ್ಲ ಸಿಗುತ್ತದೆ. ಆರು ತಿಂಗಳು ತರಕಾರಿ ತಂದೆವೇ ಹೊರತು ಊರಿಗೆ ಈ ಹೆಸರು ಯಾಕೆ ಅಂತ ನಾನು ಕೇಳಲಿಲ್ಲ. ನನ್ನಂಥವನು ಕೇಳಬೇಕಿತ್ತು. ಮೂವತ್ತಮೂರು ವರ್ಷ ಕೆಇಬಿಯಲ್ಲಿ, ಆಮೇಲೆ ಅದು ಹೆಸರು ಬದಲಾಯಿಸಿಕೊಂಡ ಮೇಲೂ, ಕರೆಂಟಿನ ಅನ್ನ ತಿಂದವನು. ಹೊರಡಲು ಒಂದು ವಾರ ಇದ್ದಾಗ ಸುಮ್ನೆ ಮೊಮ್ಮಗನ ಜೊತೆ ಸುತ್ತಾಡಲು ಹೋದರೆ ಎದುರಿಗೆ 131 ಅಡಿ ಎತ್ತರದ ಗೋಪುರ, ತುದಿಯಲ್ಲಿ ಆಳೆತ್ತರಕ್ಕಿಂತ ದೊಡ್ಡ ಗಾಜಿನ ಬಲ್ಬು!

ಅದು ಮೆನ್ಲೊ ಪಾರ್ಕ್. ಥಾಮಸ್ ಎಡಿಸನ್ 1876ರಲ್ಲಿ ಬಂದು ಪ್ರಯೋಗಶಾಲೆ ಕಟ್ಟಿದ ಜಾಗ. 1879ರಲ್ಲಿ ಬಹಳ ಹೊತ್ತು ಉರಿಯುವ ಬಲ್ಬು ಮಾಡಿದ್ದು ಇಲ್ಲೇ. ಆ ವರ್ಷದ ಕೊನೆಯ ರಾತ್ರಿ ದೀಪ ನೋಡಲು ಜನ ರೈಲು ಹತ್ತಿ ಬಂದರಂತೆ. 1954ರಲ್ಲಿ ಊರಿನ ಹಳೆಯ ಹೆಸರು ಬಿಟ್ಟು ಅವರ ಹೆಸರನ್ನೇ ಇಟ್ಟುಕೊಂಡರು. ಗೋಪುರದ ಪಕ್ಕ ಎರಡು ಕೋಣೆಯ ಪುಟ್ಟ ಮ್ಯೂಸಿಯಂ. ಹಾಗಾದರೆ ಪ್ರಯೋಗಶಾಲೆ ಎಲ್ಲಿ ಅಂತ ಹುಡುಕಿದೆ. ಅದು ಅಲ್ಲಿ ಇಲ್ಲವೇ ಇಲ್ಲ. ಹಾಳಾಗಿ ಬಿದ್ದಿದ್ದ ಆ ಕಟ್ಟಡದ ಉಳಿದ ಹಲಗೆ ಇಟ್ಟಿಗೆಗಳನ್ನು ಕಾರಿನ ಹೆನ್ರಿ ಫೋರ್ಡ್ ಮಿಷಿಗನ್‌ಗೆ ಸಾಗಿಸಿ, 1929ರಲ್ಲಿ ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಹಲಗೆ ಮಾತ್ರ ಅಲ್ಲ, ನ್ಯೂಜೆರ್ಸಿಯ ಕೆಂಪು ಮಣ್ಣನ್ನೂ ರೈಲಿನಲ್ಲಿ ಹೊತ್ತರು, ಕಟ್ಟಡ ತನ್ನ ಮಣ್ಣಿನ ಮೇಲೇ ನಿಲ್ಲಲಿ ಅಂತ. ದುಡ್ಡಿದ್ದವರ ಹುಚ್ಚೂ ದೊಡ್ಡದೇ.

ಮೊಮ್ಮಗನಿಗೆ ನಾನು ನಮ್ಮ ಕಥೆ ಹೇಳಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ವರ್ಷ ನಾನು ಬ್ಲಫ್‌ನಲ್ಲಿದ್ದೆ. ಬ್ಲಫ್ ಅಂದರೆ ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಶಿವನಸಮುದ್ರದ ವಿದ್ಯುತ್ ಕೇಂದ್ರ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ, 1902ರಲ್ಲಿ ಕರೆಂಟು ಹೊರಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಆ ಜನರೇಟರುಗಳು ಎಲ್ಲಿಯವು? ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಆ ಕಂಪನಿ ಹುಟ್ಟಿದ್ದು 1892ರಲ್ಲಿ, ಎಡಿಸನ್ನರ ಕಂಪನಿ ಇನ್ನೊಂದರ ಜೊತೆ ಸೇರಿ. ತಮಾಷೆ ಅಂದರೆ ಎಡಿಸನ್ ಡಿಸಿ ಕರೆಂಟಿನ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಪಕ್ಷ, ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಅಪಾಯ ಅಂತ ಹೋರಾಡಿದವರು. ಕೋಲಾರದವರೆಗೆ ಹೋದದ್ದು ಎಸಿ. ಡಿಸಿಯನ್ನೇ ನಂಬಿ ಕೂತಿದ್ದರೆ ಆಗಿನ ಕಾಲದಲ್ಲಿ ಅದು ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಈ ಭಾಗ ಹೇಳುವಾಗ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ ಅಂತ ಕಾಣುತ್ತದೆ, ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ನೋಡಿದರು.

ಆನೆ, ಎತ್ತಿನಗಾಡಿಯಲ್ಲಿ ಯಂತ್ರ ಸಾಗಿಸಿದ್ದು ಕೇಳಿ ಹುಡುಗ ಕಣ್ಣರಳಿಸಿದ. ಕೊನೆಗೆ ಕೇಳಿದ್ದು ಒಂದೇ. "ಆ ಮೆಷಿನ್ ವಾಪಸ್ ಕೊಟ್ರಾ?" ಇಲ್ಲಪ್ಪ, ದುಡ್ಡು ಕೊಟ್ಟು ತಗೊಂಡಿದ್ದು ಅಂದೆ.

ಆರು ತಿಂಗಳು ಮ್ಯಾನ್‌ಹಟನ್, ವಾಷಿಂಗ್ಟನ್ ಅಂತ ಕಾರಿನಲ್ಲಿ ಅಲೆದೆವು. ನನ್ನ ಇಡೀ ನೌಕರಿಯ ಬೇರು ಮಗನ ಊರಲ್ಲೇ ಇತ್ತು. ನೋಡಬೇಕಾದ ಪಟ್ಟಿ ಮುಗಿದ ಮೇಲೆ ಕಣ್ಣಿಗೆ ಬಿತ್ತು.

ಪೆಟ್ಟಿಗೆ ತುಂಬುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರ ಮನೆಯಲ್ಲೂ ಅದೇ ಕಥೆ. ಒಬ್ಬರಿಗೆ 23 ಕೆಜಿಯ ಎರಡು ಪೆಟ್ಟಿಗೆ. ಹೋಗುವಾಗ ಹಪ್ಪಳ, ಸಾರಿನ ಪುಡಿ, ಬರುವಾಗ ಚಾಕೊಲೇಟು, ಬಾದಾಮಿ. ಇಲ್ಲಿಂದ ಫೋನು ಮೇಲೆ ಫೋನು, ಅದು ತನ್ನಿ ಇದು ತನ್ನಿ. ಒಬ್ಬರು ಕಾಫಿ ಮಷಿನ್ ಕೇಳಿದರು. ಅಲ್ಲಿ 120 ವೋಲ್ಟ್, 60 ಸೈಕಲ್. ಇಲ್ಲಿ 230, 50. ತಂದು ಪ್ಲಗ್ಗಿಗೆ ಹಾಕಿದ ದಿನವೇ ಅದರ ತಿಥಿ ಅಂದೆ. ಅವರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಪಕ್ಕದ ಬೀದಿಯಲ್ಲಿ ಯಾರೋ ಒಂದು ತೂಗುವ ಕುರ್ಚಿಯನ್ನು ಫ್ರೀ ಅಂತ ಚೀಟಿ ಅಂಟಿಸಿ ರಸ್ತೆ ಪಕ್ಕ ಇಟ್ಟಿದ್ದರು. ಒಳ್ಳೆಯ ಮರ. ಇವರು ಮೂರು ದಿನ ಅದನ್ನು ಸುತ್ತಿ ಸುತ್ತಿ ನೋಡಿ ಬಂದರು. ನಾಲ್ಕನೇ ದಿನ ಯಾರೋ ಎತ್ತಿಕೊಂಡು ಹೋಗಿದ್ದರು, ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಆ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ವಿಪರೀತ ಒಳ್ಳೆಯವರಾಗಿಬಿಟ್ಟಿದ್ದರು. ಆರು ತಿಂಗಳಲ್ಲಿ ಸಣ್ಣಪುಟ್ಟ ಕಿರಿಕಿರಿ ಇರಲಿಲ್ಲವೇ? ಇತ್ತು. ಬಚ್ಚಲಲ್ಲಿ ನೀರು ಚೆಲ್ಲಿದ್ದಕ್ಕೆ, ಟಿವಿ ಶಬ್ದಕ್ಕೆ, ಒಗ್ಗರಣೆಗೆ ಹೊಗೆಯ ಅಲಾರಾಂ ಹೊಡೆದುಕೊಂಡದ್ದಕ್ಕೆ. ಕೊನೆಯ ವಾರ ಅಲಾರಾಂ ಹೊಡೆದರೆ ಸೊಸೆ ನಗುತ್ತಾ ಕಿಟಕಿ ತೆಗೆದಳು. ನನಗೆ ಅದೇ ಜಾಸ್ತಿ ಸಂಕಟ ಆಯಿತು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಮನೆಯಲ್ಲಿ ಸಡಿಲ ಇದ್ದ ಹಿಡಿ, ಬಾಗಿಲು, ಕಪಾಟು ಎಲ್ಲ ಬಿಗಿ ಮಾಡಿದೆ. ಇವರು ಚಪಾತಿ, ಹುಳಿ, ಹೋಳಿಗೆ ಮಾಡಿ ಫ್ರೀಜರಿಗೆ ತುಂಬಿ ಒಂದೊಂದು ಡಬ್ಬಿಯ ಮೇಲೂ ಯಾವಾಗ ತಿನ್ನಬೇಕು ಅಂತ ತಾರೀಖು ಬರೆದರು. ಕೊನೆಯ ಡಬ್ಬಿ ಡಿಸೆಂಬರ್ 20ರದ್ದು. ಆ ದಿನ ಅಲ್ಲಿಂದ ವಿಡಿಯೊ ಕಾಲ್ ಬಂತು, ಹೋಳಿಗೆ ಬಿಸಿ ಮಾಡುತ್ತಿದ್ದರು. ಇವರು ಏನೂ ಮಾತಾಡದೆ ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ನ್ಯೂಆರ್ಕ್ ಏರ್‌ಪೋರ್ಟ್. ಇಲ್ಲೊಂದು ವಿಚಿತ್ರ ಇದೆ, ಹೋಗಿ ಬಂದವರೂ ಗಮನಿಸಿರುವುದಿಲ್ಲ. ನಮ್ಮ ದೇಶ ಬಿಡುವಾಗ ಕೌಂಟರಿನಲ್ಲಿ ನಿಲ್ಲಿಸಿ, ಎಲ್ಲಿಗೆ ಯಾಕೆ ಅಂತ ಕೇಳಿ ಠಪ್ ಅಂತ ಸೀಲು ಹೊಡೆಯುತ್ತಾರೆ. ಅಮೆರಿಕ ಬಿಡುವಾಗ ಅಂಥ ಕೌಂಟರೇ ಇಲ್ಲ. ಬರುವಾಗ ಹತ್ತು ಬೆರಳಿನ ಗುರುತು ಕೊಟ್ಟು ಅಷ್ಟೊಂದು ಪ್ರಶ್ನೆಗೆ ಉತ್ತರ ಹೇಳಿದ್ದೆ. ಹೋಗುವಾಗ ಬ್ಯಾಗು ತಪಾಸಣೆ ಮುಗಿಸಿ ನಡೆದರೆ ನೇರ ಗೇಟು. ಸೀಲು ಇಲ್ಲ, ಹೋಗಿ ಬನ್ನಿ ಅನ್ನುವವರೂ ಇಲ್ಲ. ನಾನು ಎಲ್ಲೋ ಒಂದು ಸಾಲು ತಪ್ಪಿಸಿದೆನೋ ಅಂತ ಎರಡು ಸಲ ಹಿಂದೆ ಹೋಗಿ ನೋಡಿ ಬಂದೆ. ಆರು ತಿಂಗಳ ಕಡ ಸರಿಯಾದ ದಿನಕ್ಕೆ ತೀರಿಸುತ್ತಿದ್ದೇನೆ, ರಸೀದಿ ಕೊಡುವವರಿಲ್ಲ! ವಿಮಾನದವರು ಪ್ರಯಾಣಿಕರ ಪಟ್ಟಿ ಸರ್ಕಾರಕ್ಕೆ ಕಳಿಸುತ್ತಾರೆ, ಅದರಿಂದ ಲೆಕ್ಕ ಚುಕ್ತಾ ಆಗುತ್ತದೆ. ಒಂದು ವಾರ ಕಳೆದ ಮೇಲೆ ಮಗ ಅದೇ ಐ-94 ತೆಗೆದು ನೋಡಿ, ಹೊರಟದ್ದು ದಾಖಲಾಗಿದೆ ಅಂತ ಮೆಸೇಜ್ ಹಾಕಿದ. ನವೆಂಬರ್‌ನಲ್ಲಿ ಬದುಕಿದ್ದೇನೆ ಅಂತ ಸರ್ಟಿಫಿಕೇಟೂ ಕೊಟ್ಟೆ. ಎರಡೂ ಕಡೆ ಲೆಕ್ಕ ಸರಿಯಾಯಿತು.

ಸರಿಯಾಗದ್ದು ಒಂದು ಉಳಿದಿದೆ. ಮನೆಗೆ ಬಂದು ಮೂರನೇ ದಿನ ಪೆಟ್ಟಿಗೆ ಖಾಲಿ ಮಾಡುವಾಗ ಪಂಚೆಗಳ ಮಧ್ಯೆ ಈ ಪುಸ್ತಕ ಸಿಕ್ಕಿತು. ಇದೇ. ಒಳ್ಳೆಯ ಚಿತ್ರಗಳಿರುವ ಆನೆಗಳ ಪುಸ್ತಕ, ಹಿಂದೆ ಲೈಬ್ರರಿಯ ಚೀಟಿ. ಫೋನು ಮಾಡಿದರೆ ಹುಡುಗ, "ನಾನೇ ಇಟ್ಟಿದ್ದು ತಾತ, ನೀನೇ ತಂದು ವಾಪಸ್ ಕೊಡಬೇಕು" ಅಂದ. ಮಗ ಹಿಂದಿನಿಂದ, ಬೆಲೆ ಕಟ್ಟಿಬಿಡ್ತೀನಿ ಬಿಡಪ್ಪ ಅನ್ನುತ್ತಿದ್ದ. ಬೇಡ ಅಂದಿದ್ದೇನೆ. ಮುಂದಿನ ತಿಂಗಳು ನಮ್ಮ ಹಿಂದಿನ ಬೀದಿಯವರೊಬ್ಬರು ನ್ಯೂಜೆರ್ಸಿಗೆ ಹೊರಟಿದ್ದಾರೆ. ಕಳಿಸಲೋ, ಇಟ್ಟುಕೊಳ್ಳಲೋ, ಇನ್ನೂ ತೀರ್ಮಾನ ಮಾಡಿಲ್ಲ. ಸಭೆಯಲ್ಲಿ ಒಂದು ಸುತ್ತು ಕಳಿಸುತ್ತೇನೆ, ಮಕ್ಕಳು ಚಿತ್ರ ನೋಡಲಿ. ಹಿಂದಿನ ಸಾಲಿನವರು ನೋಡಿದ ಮೇಲೆ ದಯವಿಟ್ಟು ನನಗೆ ವಾಪಸ್ ಕೊಡಿ.