ಪಾಲಕಿನ ನೀರು ಎಲ್ಲಿಗೆ ಹೋಗಬೇಕು?

ನಮಸ್ಕಾರ. ಇವತ್ತು ಸ್ಪನಕೋಪಿತ ಮಾಡೋದು ಹೇಗೆ ಅಂತ ಹೇಳ್ತೀನಿ. ಗ್ರೀಸ್ ದೇಶದ ತಿಂಡಿ. ಸ್ಪನಾಕಿ ಅಂದ್ರೆ ಪಾಲಕ್, ಪೀತ ಅಂದ್ರೆ ಹಿಟ್ಟಿನ ಹಾಳೆಗಳ ನಡುವೆ ಹೂರಣ ಇಟ್ಟು ಓವನ್‌ನಲ್ಲಿ ಬೇಯಿಸಿದ್ದು. ನಾನು ಅಥೆನ್ಸ್‌ನಲ್ಲಿ ಬಾಡಿಗೆಗಿದ್ದ ಮನೆಯ ಅಜ್ಜಿ ನನಗೆ ಕಲಿಸಿದರು. ಅಲ್ಲಿ ಅಜ್ಜಿಗೆ ಯಾಯಾ ಅಂತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ತವರು ಎಪಿರಸ್, ವಾಯವ್ಯ ದಿಕ್ಕಿನ ಬೆಟ್ಟದ ಸೀಮೆ. ಪೀತ ಅಂದ್ರೆ ಎಪಿರಸ್ ಅನ್ನುವಷ್ಟು ಹೆಸರು ಅದಕ್ಕೆ.

ನಾನು ಮೊದಲ ಸಲ ಮಾಡಿದಾಗ ಮೇಲ್ಗಡೆ ಚೆನ್ನಾಗಿ ಕೆಂಪಗಾಗಿತ್ತು, ತಳ ಮಾತ್ರ ಹಸಿ ಹಿಟ್ಟು. ಯಾಯಾ ಒಂದು ತುಂಡು ಎತ್ತಿ, ತಿರುಗಿಸಿ, ಬೆರಳಿಂದ ಒತ್ತಿ ನೋಡಿದರು. "ನೀರು" ಅಂದರು. ಅಷ್ಟೇ.

ಪಾಲಕಿನಲ್ಲಿ ನೂರಕ್ಕೆ 90 ಪಾಲು ನೀರೇ ಅಲ್ವಾ. ಆ ನೀರನ್ನು ಏನು ಮಾಡ್ತೀರಿ ಅನ್ನೋದರ ಮೇಲೆ ಇಡೀ ಸ್ಪನಕೋಪಿತ ನಿಂತಿದೆ. ಒಂದೊಂದು ಮನೆಯದು ಒಂದೊಂದು ಥರ ಇರೋದಕ್ಕೂ ಬಹಳ ಮಟ್ಟಿಗೆ ಇದೇ ಕಾರಣ ಅಂತ ನನಗನ್ನಿಸುತ್ತದೆ.

ಯಾಯಾ ಒಂದು ಕೆಜಿ ಪಾಲಕನ್ನು ತೊಳೆದು ಹೆಚ್ಚಿ, ಉಪ್ಪು ಹಾಕಿ ಕೈಯಲ್ಲಿ ಕಿವುಚಿ, ಅರ್ಧ ಗಂಟೆ ಬಿಡುತ್ತಿದ್ದರು. ಆಮೇಲೆ ಹಿಡಿ ಹಿಡಿಯಾಗಿ ಹಿಂಡುವುದು. ಹಸಿರು ನೀರು ಮಣಿಕಟ್ಟು ದಾಟಿ ಮೊಣಕೈವರೆಗೂ ಇಳಿಯುತ್ತದೆ. ಬೋಗುಣಿಯಿಂದ ಉಕ್ಕುತ್ತಿದ್ದ ಸೊಪ್ಪು ನಾಲ್ಕೈದು ಉಂಡೆಯಾಗಿ ಕೂತುಬಿಡುತ್ತದೆ. ಸಾಕು ಅಂತ ನಾನು ಕೆಳಗಿಟ್ಟ ಉಂಡೆಯನ್ನು ಅವರು ಮತ್ತೆ ಎತ್ತಿ ಹಿಂಡಿದರೆ ಇನ್ನೂ ಎರಡು ಚಮಚ ನೀರು ಬರುತ್ತಿತ್ತು.

ಹೂರಣಕ್ಕೆ ಎಳೆ ಈರುಳ್ಳಿಯನ್ನು ಅದರ ಸೊಪ್ಪಿನ ಸಮೇತ ಹೆಚ್ಚಿ, ಆಲಿವ್ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಬೇಕು. ಒಂದು ಕಟ್ಟು ಸಬ್ಬಸಿಗೆ ಬೇಕೇ ಬೇಕು. ಅಕ್ಕಿ ರೊಟ್ಟಿಗೆ ಹಾಕ್ತೀವಲ್ಲ, ಅದೇ. ಆ ಘಮ ಇಲ್ಲದಿದ್ದರೆ ಅದು ಸುಮ್ನೆ ಪಾಲಕ್ ಪಲ್ಯ. ಆಮೇಲೆ ಎರಡು ಮೊಟ್ಟೆ, 300 ಗ್ರಾಂ ಫೆಟಾ ಚೀಸ್. ಫೆಟಾ ಕುರಿ ಹಾಲಿನದು, ಬೇಕಿದ್ದರೆ ಮೇಕೆ ಹಾಲು ನೂರಕ್ಕೆ 30ರವರೆಗೆ ಸೇರಿಸಬಹುದು. ಯುರೋಪಿನಲ್ಲಿ 2002ರಿಂದ ಆ ಹೆಸರು ಗ್ರೀಸಿನ ಚೀಸಿಗೆ ಮಾತ್ರ ಮೀಸಲು. ಅದರಲ್ಲೇ ಉಪ್ಪು ಜಾಸ್ತಿ, ಹಾಗಾಗಿ ಹೂರಣಕ್ಕೆ ಬೇರೆ ಉಪ್ಪು ಹಾಕಬೇಡಿ. ಕೈಯಲ್ಲೇ ಮುರಿದು ಹಾಕಿ, ಅಲ್ಲಲ್ಲಿ ಗಟ್ಟಿ ತುಂಡು ಉಳಿಯಬೇಕು.

ಇನ್ನು ಹಾಳೆ. ಅದಕ್ಕೆ ಫಿಲೊ ಅಂತಾರೆ, ಎಲೆ ಅಂತಲೇ ಅರ್ಥ. ಯಾಯಾ ಮೈದಾಕ್ಕೆ ಸ್ವಲ್ಪ ಎಣ್ಣೆ, ಒಂದು ಚಮಚ ವಿನೆಗರ್, ಉಗುರುಬೆಚ್ಚಗಿನ ನೀರು ಹಾಕಿ ಕಣಕ ಕಲಸಿ ನೆನೆಯಲು ಬಿಡುತ್ತಿದ್ದರು. ಲಟ್ಟಿಸೋ ಕೋಲು ನಮ್ಮ ಲಟ್ಟಣಿಗೆಗಿಂತ ಎಷ್ಟೋ ಉದ್ದ, ದಪ್ಪ ಮಾತ್ರ ಹೆಬ್ಬೆರಳಷ್ಟು. ಹಾಳೆಯನ್ನು ಕೋಲಿಗೆ ಸುತ್ತಿ, ಎರಡೂ ಅಂಗೈಗಳನ್ನು ಮಧ್ಯದಿಂದ ತುದಿಗೆ ಸವರುತ್ತಾ ಉರುಳಿಸಿ, ಬಿಚ್ಚಿ, ಹಿಟ್ಟು ಉದುರಿಸಿ ಮತ್ತೆ ಸುತ್ತಿ, ಹೀಗೆ ಮೇಜು ಕಾಣುವಷ್ಟು ತೆಳ್ಳಗೆ ಮಾಡುತ್ತಿದ್ದರು. ಅಂಗಡಿಯ ಫಿಲೊ ತಂದರೂ ತಪ್ಪೇನಿಲ್ಲ. ಕೆಳಗೆ ಐದಾರು ಹಾಳೆ, ಮೇಲೆ ಐದಾರು, ಪ್ರತಿಯೊಂದಕ್ಕೂ ಎಣ್ಣೆ ಸವರಿ. ಉಳಿದ ಹಾಳೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ, ಗಾಳಿಗೆ ಪುಡಿಯಾಗಿಬಿಡುತ್ತವೆ.

ಯಾಯಾ ಅವರ ಸೊಸೆ ಥೆಸಲಿ ಕಡೆಯವರು. ಅವರು ಮೈದಾ ಹಾಳೆಯನ್ನೇ ಮಾಡುತ್ತಿರಲಿಲ್ಲ. ಜೋಳದ ಹಿಟ್ಟನ್ನು, ಅಂದ್ರೆ ಮೆಕ್ಕೆಜೋಳದ್ದು, ನೀರು ಎಣ್ಣೆ ಹಾಕಿ ಕಲಸಿ ತಟ್ಟೆಗೆ ಹರಡಿ, ಮೇಲೆ ಸೊಪ್ಪು ಫೆಟಾ ಹಾಕಿ, ಅದರ ಮೇಲೆ ಮತ್ತೆ ಅದೇ ಹಿಟ್ಟು. ಪ್ಲಾಸ್ತೋಸ್ ಅಂತ ಹೆಸರು. ಸೊಪ್ಪನ್ನು ಅಷ್ಟೊಂದು ಹಿಂಡುವ ಕಷ್ಟವೇ ಇಲ್ಲ, ನೀರನ್ನೆಲ್ಲ ಹಿಟ್ಟೇ ಕುಡಿಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಹೂರಣಕ್ಕೆ ಒಂದು ಹಿಡಿ ಅಕ್ಕಿ ಹಾಕ್ತಾರೆ, ಇಲ್ಲ ತ್ರಹನಾ ಹಾಕ್ತಾರೆ. ಗೋಧಿಯನ್ನು ಹಾಲಿನಲ್ಲೋ ಮೊಸರಿನಲ್ಲೋ ಕಲಸಿ ಬಿಸಿಲಿಗೆ ಒಣಗಿಸಿದ ನುಚ್ಚು ಅದು. ಅದರದ್ದೂ ಅದೇ ಕೆಲಸ, ನೀರು ಹೀರೋದು.

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಮೊಟ್ಟೆ, ಹಾಲು, ಚೀಸ್ ಯಾವುದೂ ಮುಟ್ಟುವಂತಿಲ್ಲ. ಆಗ ಈರುಳ್ಳಿ, ಸಬ್ಬಸಿಗೆ, ಪುದೀನ ಎಲ್ಲ ಜಾಸ್ತಿ. ಬೆಟ್ಟದಲ್ಲಿ ಸಿಗುವ ಕಾಡು ಸೊಪ್ಪುಗಳೂ ಸೇರುತ್ತವೆ. ನಮ್ಮ ಬೆರಕೆ ಸೊಪ್ಪಿನ ಹಾಗೆ. ನನಗಂತೂ ಫೆಟಾ ಹಾಕಿದ್ದಕ್ಕಿಂತ ಇದೇ ಇಷ್ಟ, ಸೊಪ್ಪಿನ ರುಚಿ ಸೊಪ್ಪಿನದಾಗಿಯೇ ಸಿಗುತ್ತದೆ.

ಓವನ್‌ಗೆ ಇಡೋ ಮೊದಲೇ ಮೇಲಿನ ಹಾಳೆಗಳಿಗೆ ಚಾಕುವಿನಿಂದ ಗೆರೆ ಹಾಕಿ. ಬೆಂದ ಮೇಲೆ ಕತ್ತರಿಸಿದರೆ ಚೂರು ಚೂರಾಗುತ್ತದೆ. ಆವಿ ಹೊರಗೆ ಹೋಗೋದೂ ಆ ಗೆರೆಗಳಿಂದಲೇ. 180 ಡಿಗ್ರಿ, ಕೆಳಗಿನ ಅಂಕಣದಲ್ಲಿ, ಸುಮಾರು ಒಂದು ಗಂಟೆ. ತಟ್ಟೆ ಅಲ್ಲಾಡಿಸಿದರೆ ಪೀತ ಇಡಿಯಾಗಿ ಜಾರಬೇಕು. ಜಾರಿದರೆ ತಳ ಬೆಂದಿದೆ ಅಂತ ಅರ್ಥ.

ಬಿಸಿಯಿರುವಾಗ ಮಾತ್ರ ಮುಚ್ಚಬೇಡಿ. ಅಷ್ಟು ಕಷ್ಟಪಟ್ಟು ತೆಗೆದ ನೀರು ಆವಿಯಾಗಿ ಮುಚ್ಚಳಕ್ಕೆ ಹತ್ತಿ ಮತ್ತೆ ಹಾಳೆ ಮೇಲೇ ಬೀಳುತ್ತದೆ. ಯಾಯಾ ಕಿಟಕಿ ಹತ್ತಿರ ಸ್ಟ್ಯಾಂಡ್ ಮೇಲೆ ತಟ್ಟೆ ಇಟ್ಟು, ಕೆಳಗೂ ಗಾಳಿ ಆಡುತ್ತಿದೆಯಾ ಅಂತ ಕೈ ಹಾಕಿ ನೋಡುತ್ತಿದ್ದರು. ಅರ್ಧ ಗಂಟೆ ಯಾರೂ ಮುಟ್ಟುವ ಹಾಗಿರಲಿಲ್ಲ, ಮೊಮ್ಮಕ್ಕಳು ಕೂಡ.