ಪದ ಪುಸ್ತಕದಾಗ ಅದ, ಮಟ್ಟು ಎಲ್ಲದ?

ಸಭೆಗೆ ಶರಣು ಶರಣಾರ್ಥಿ.

ಮರೆಯಾಗುತ್ತಿರುವ ಹಾಡಿಕೆಗಳ ಬಗ್ಗೆ ಮಾತಾಡಲು ನಿಂತವರು ಸಾಮಾನ್ಯವಾಗಿ ಒಂದು ಪಟ್ಟಿ ಓದುತ್ತಾರೆ. ಗೀಗೀ ಪದ, ಚೌಡಕಿ ಪದ, ರಿವಾಯತ್, ದೊಡ್ಡಾಟದ ಹಾಡು, ಕಂಪನಿ ನಾಟಕದ ಹಾಡು, ಏಕತಾರಿ ಭಜನೆ. ಓದಿ ಮುಗಿದ ಮೇಲೆ ಮೊಬೈಲಿಗೆ, ಡಿಜೆಗೆ ನಾಲ್ಕು ಬೈಗುಳ, ಆಮೇಲೆ ಚಪ್ಪಾಳೆ. ಆ ದಾರಿ ಬೇಡ. ಇವತ್ತು ಬಹುಪಾಲು ಮಾತು ಏಕತಾರಿ ನುಡಿಸುತ್ತ ಹಾಡುವ ತತ್ವಪದದ್ದೇ, ಅಂದರೆ ಗುರುಮಾರ್ಗದ ಅನುಭಾವದ ಹಾಡಿನದ್ದೇ. ಕಾರಣವಿದೆ. ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳಲ್ಲಿ ಸಾಹಿತ್ಯ ಚೆನ್ನಾಗಿ ಉಳಿದು ಹಾಡಿಕೆ ಮಾತ್ರ ಕೈಬಿಟ್ಟುಹೋಗುತ್ತಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಕಡಕೋಳ ಮಡಿವಾಳಪ್ಪನವರ ಪದ ಅಚ್ಚಾಗಿವೆ. ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ಮೋಟ್ನಳ್ಳಿ ಹಸನಸಾಹೇಬರ ಪದಗಳೂ ಸಿಗುತ್ತವೆ. ಜಾತಿ ಧರ್ಮ ನೋಡದೆ ಗುರುಮಾರ್ಗ ಹಿಡಿದವರ ಪದ ಇವು. ಸಂಶೋಧಕರು ಶ್ರಮಪಟ್ಟು ಸಂಗ್ರಹಿಸಿದ್ದಾರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಪುಸ್ತಕ ತೆರೆದರೆ ಏನಿದೆ? ಪಲ್ಲವಿ, ಮೂರರಿಂದ ಐದು ನುಡಿ, ಕೊನೆಯ ನುಡಿಯಲ್ಲಿ ಅಂಕಿತ. ಹೆಚ್ಚೆಂದರೆ ಮೇಲೆ ‘ರಾಗ ಭೈರವಿ, ತಾಳ ಕೇರವಾ’ ಅಂತ ಒಂದು ಸಾಲು. ಉಸಿರು ಎಲ್ಲಿ ತೆಗೆಯಬೇಕು, ಯಾವ ಅಕ್ಷರದ ಮೇಲೆ ಹಿಮ್ಮೇಳ ಬಂದು ಸೇರಬೇಕು, ಎರಡನೇ ನುಡಿಗೆ ಮಟ್ಟು, ಅಂದರೆ ಹಾಡುವ ಧಾಟಿ, ಏರುತ್ತದೋ ಇಲ್ಲವೋ, ಇದಾವುದೂ ಪುಸ್ತಕದಲ್ಲಿಲ್ಲ. ಅದು ಇದ್ದದ್ದು ಮೇಳದ ಬಾಯಲ್ಲಿ ಮತ್ತು ವಾದ್ಯದಲ್ಲಿ. ವಾದ್ಯ ಬದಲಾದಾಗ ಮಟ್ಟೂ ಬದಲಾಯಿತು. ನಾನು ಇವತ್ತು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಏಕತಾರಿಯನ್ನೇ ನೋಡೋಣ. ಒಣಗಿದ ಸೋರೆಬುರುಡೆ, ಬಾಯಿಗೆ ಬಿಗಿದ ಆಡಿನ ಚರ್ಮ, ಬುರುಡೆಯನ್ನು ಹಾಯ್ದುಹೋಗುವ ಬಿದಿರಿನ ದಂಡಿ, ತುದಿಗೆ ತಂತಿ ಬಿಗಿಯುವ ಒಂದು ಬಿರಡೆ, ಚರ್ಮದ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಒಂದು ಕುದುರೆ, ಒಂದೇ ಉಕ್ಕಿನ ತಂತಿ. ಬುರುಡೆ ಏಳೆಂಟು ಅಂಗುಲ ಅಗಲ, ದಂಡಿ ಮೂರು ಅಡಿ ಇದ್ದರೆ ಸಾಕು. ಕುದುರೆಯಿಂದ ಮೇಲಿನ ಆಸರೆಯವರೆಗೆ ಮಿಡಿಯುವ ತಂತಿ 26ರಿಂದ 28 ಅಂಗುಲ ಬರುತ್ತದೆ.

ಸರಳ ಅನ್ನಿಸುತ್ತದೆ, ಆದರೆ ಕೆಡುವುದು ಮೊದಲ ಹೆಜ್ಜೆಯಲ್ಲೇ. ಬುರುಡೆ ಬಳ್ಳಿಯಲ್ಲೇ ಬಲಿತು ತೊಟ್ಟು ಒಣಗಬೇಕು. ಹಸಿರಿದ್ದಾಗ ಹರಿದರೆ ಸುಕ್ಕುಗಟ್ಟಿ ಬೂಸು ಹಿಡಿಯುತ್ತದೆ. ಅವಸರಕ್ಕೆ ಬಿಸಿಲಿಗಿಟ್ಟರೆ ಸೀಳುತ್ತದೆ, ನಮ್ಮ ಕಡೆಯ ಬಿಸಿಲಿಗಂತೂ ಖಂಡಿತ. ನೆರಳಲ್ಲಿ ತಿಂಗಳುಗಟ್ಟಲೆ ತೂಗುಹಾಕಿ, ಅಲ್ಲಾಡಿಸಿದಾಗ ಒಳಗೆ ಬೀಜ ಗಿಲಿಗಿಲಿ ಅಂದ ಮೇಲೆಯೇ ಕೊಯ್ಯಬೇಕು. ಬಿದಿರೂ ಹಾಗೆಯೇ. ಹಸಿ ಬಿದಿರು ತಂತಿಯ ಎಳೆತಕ್ಕೆ ಬಾಗುತ್ತದೆ, ಹುಳವೂ ಬೀಳುತ್ತದೆ. ಚರ್ಮವನ್ನು ಒಂದು ರಾತ್ರಿ ನೆನೆಹಾಕಿ, ಹುಣಸೆಬೀಜದ ಅಂಟು ಹಚ್ಚಿ ಬಾಯಿಗೆ ಬಿಗಿದು, ಸುತ್ತ ದಾರ ಕಟ್ಟಿ ನೆರಳಲ್ಲಿ ಒಣಗಿಸಬೇಕು. ಒಂದು ಕಡೆ ಬೇಗ ಒಣಗಿ ಇನ್ನೊಂದು ಕಡೆ ಹಸಿ ಉಳಿದರೆ ಚರ್ಮ ಓರೆಯಾಗಿ ಎಳೆದು ಅಂಚಿನಲ್ಲಿ ಹರಿಯುತ್ತದೆ.

ತಂತಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ತಂತಿ ಮೇಲಿಂದ ಮೇಲೆ ಕಡಿಯುತ್ತದೆ ಅಂತ ದಪ್ಪ ತಂತಿ ಹಾಕುತ್ತಾರೆ. ಅದೇ ಉದ್ದ, ಅದೇ ಸ್ವರ ಇಟ್ಟುಕೊಂಡು ತಂತಿಯ ದಪ್ಪ ಎರಡು ಪಟ್ಟು ಮಾಡಿದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ತಂತಿಯ ಒಳಗಿನ ಒತ್ತಡ ಮೊದಲಿದ್ದಷ್ಟೇ ಇರುತ್ತದೆ. ಅಂದರೆ ಕಡಿಯುವುದು ತಪ್ಪಲಿಲ್ಲ, ದಂಡಿ ಬಾಗಿತು, ಚರ್ಮ ಕುಸಿಯಿತು. ಎಷ್ಟು ಏರಿನಲ್ಲಿ ತಂತಿ ಕಡಿಯುತ್ತದೆ ಅನ್ನುವುದು ಅದರ ಉದ್ದ ಮತ್ತು ಲೋಹದ ಮೇಲೆ ಹೋಗುತ್ತದೆ, ದಪ್ಪದ ಮೇಲಲ್ಲ. 29 ಅಥವಾ 30 ಗೇಜಿನ ಉಕ್ಕಿನ ತಂತಿ ಹಾಕಿ. ಆಗಲೂ ಕಡಿಯುತ್ತಿದ್ದರೆ ಎಲ್ಲಿ ಕಡಿಯಿತು ನೋಡಿ. ಬಿರಡೆಯ ತೂತಿನ ಹತ್ತಿರವಾದರೆ ಸುತ್ತುವಾಗ ತಂತಿ ಮುರುಕಿದೆ. ಕುದುರೆಯ ಹತ್ತಿರವಾದರೆ ಅಂಚು ಚೂಪಾಗಿದೆ, ಉಸುಕಿನ ಕಾಗದದಿಂದ ಉಜ್ಜಿ.

ಕುದುರೆಯ ತಲೆ ಅರ್ಧ ಬೆರಳಿನಷ್ಟು ಅಗಲ ಇರಬೇಕು, ಹಿಂದಕ್ಕೆ ತುಸು ಇಳಿಜಾರು. ತಂತಿಗೂ ಕುದುರೆಗೂ ನಡುವೆ ಹತ್ತಿಯ ಒಂದೆಳೆ ದಾರ ಸೇರಿಸಿ, ಮಿಡಿಯುತ್ತ ಕೂದಲೆಳೆಯಷ್ಟು ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಥಟ್ಟನೆ ಬಿಚ್ಚಿಕೊಂಡು ಜುಮ್ ಅನ್ನುತ್ತದೆ. ಅದೇ ಜವಾರಿ. ಅಲ್ಲಿಗೆ ಸೂರು, ಅಂದರೆ ಶ್ರುತಿ, ಹಿಡಿಯುವ ಕೆಲಸ ಅರ್ಧ ಮುಗಿಯಿತು. ಚರ್ಮ ಸಡಿಲಾದಂತೆ ಕುದುರೆ ತಗ್ಗುತ್ತದೆ, ಜವಾರಿ ಹೋಗುತ್ತದೆ. ಮಳೆಗಾಲದ ಭಜನೆಗೆ ಎರಡು ಮೂರು ಸಲ ದಾರ ಸರಿಸಬೇಕಾಗುತ್ತದೆ.

ಈಗ ಪೇಟಿಗೆ ಬರೋಣ. ಹಾರ್ಮೋನಿಯಂ ನಮ್ಮ ವೈರಿಯಲ್ಲ. ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟು 1971ರಿಂದ ಮತ್ತೆ ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟುಕೊಂಡರು. ಆ ಮೂವತ್ತು ವರ್ಷದಲ್ಲೂ ಊರ ಭಜನಾ ಮೇಳಗಳಲ್ಲಿ, ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರ ಮರ್ಯಾದೆ ಕಡಿಮೆಯಾಗಲಿಲ್ಲ. ಆದರೆ ಪೇಟಿ ಬಂದಲ್ಲಿ ಎರಡು ಸಂಗತಿ ನಡೆದವು. ಮೊದಲನೆಯದು ಸೂರು. ಹಾಡುವವರ ಗಂಟಲು ಆ ರಾತ್ರಿ ಪೇಟಿಯ ಕರಿ ಒಂದು, ಬಿಳಿ ಎರಡು ಅನ್ನುವ ಅಕ್ಕಪಕ್ಕದ ಮನೆಗಳ ನಡುವೆ ಸರಿಹೋಗುತ್ತದೆ ಅನ್ನಿ, ಏಕತಾರಿಯ ಬಿರಡೆ ಅಲ್ಲಿಗೇ ತಿರುಗುತ್ತದೆ. ಪೇಟಿಯಲ್ಲಿ ಆ ಮನೆಯೇ ಇಲ್ಲ. ಗಂಟಲೇ ಏರಬೇಕು ಅಥವಾ ಇಳಿಯಬೇಕು. ಎರಡನೆಯದು ಗಾಂಧಾರ, ಸರಿಗಮದ ‘ಗ’. ಒಂದು ಅರೆಸ್ವರವನ್ನು 100 ಸೆಂಟ್ ಅಂತ ಎಣಿಸಿದರೆ, ತಂತಿಯ ನಾದದ ಒಳಗೆ ತಾನಾಗಿ ಕೇಳುವ ಶುದ್ಧ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ಸುಮಾರು 14 ಸೆಂಟ್ ಏರು. ಬರೇ ಏಕತಾರಿಗೆ ಹಾಡಿದವರ ದನಿ ತಾನಾಗಿ ಕೆಳಗಿನ ಗಾಂಧಾರಕ್ಕೆ ಹೋಗಿ ಕೂರುತ್ತದೆ. ಪೇಟಿಯ ಜೊತೆ ಬೆಳೆದವರು ಏರನ್ನೇ ಸರಿ ಅಂದುಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ನುಡಿಸಿದಾಗ ಗಾಂಧಾರದ ಮೇಲೆ ನಿಂತ ದನಿ ನಡುಗಿದಂತೆ ಕೇಳುವುದು ಇದಕ್ಕೇ. ಹಾಡುಗಾರರನ್ನು ಬೈದು ಉಪಯೋಗವಿಲ್ಲ. ಪೇಟಿ ಇರಲೇಬೇಕು ಅನ್ನುವ ಮೇಳಕ್ಕೆ ನನ್ನ ಸಲಹೆ: ಷಡ್ಜ, ಪಂಚಮ (ಸ, ಪ) ಎರಡನ್ನೇ ಒತ್ತಿ ಹಿಡಿಯಿರಿ, ಮಟ್ಟನ್ನು ಬೆರಳಿನಿಂದ ಹಿಂಬಾಲಿಸಬೇಡಿ.

ದಮ್ಮಡಿಯ ಕಥೆ ಬೇರೆ. ಇಂಥ ಸಣ್ಣ ಬಳೆಯ ಚರ್ಮವಾದ್ಯಗಳಿಗೆ ಹಿಂದೆ ಉಡದ ಚರ್ಮ ಹಾಕುವುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಆ ಮಾತು ಅಲ್ಲಿಗೆ ಮುಗಿಯಿತು. ಆಡಿನ ತೆಳು ಚರ್ಮ ನಡೆಯುತ್ತದೆ. ಈಗ ಪ್ಲಾಸ್ಟಿಕ್ ಹಾಳೆಯವು ಬಂದಿವೆ. ತೇವಕ್ಕೆ ಅಂಜುವುದಿಲ್ಲ, ಕಾಯಿಸುವ ಕೆಲಸವಿಲ್ಲ. ಆದರೆ ಅದರ ದನಿ ಚುರುಕು, ಟಣ್ ಅಂದದ್ದು ಬೇಗ ಆರುವುದಿಲ್ಲ, ಹಾಡಿನ ವ್ಯಂಜನಗಳನ್ನು ಮುಚ್ಚಿಹಾಕುತ್ತದೆ. ಒಳಗಡೆ ಅಂಚಿಗೆ ಎರಡು ಬೆರಳಗಲದ ಬಟ್ಟೆಪಟ್ಟಿ ಅಂಟಿಸಿದರೆ ಬಹಳಮಟ್ಟಿಗೆ ಸರಿಹೋಗುತ್ತದೆ. ಚರ್ಮದ್ದನ್ನು ಕಾಯಿಸುವಾಗ ಬೆಂಕಿಗೆ ಒಂದು ಮೊಳ ದೂರ ಹಿಡಿದು ತಿರುಗಿಸುತ್ತಲೇ ಇರಿ. ಒಂದೇ ಕಡೆ ಕಾದರೆ ಅಲ್ಲಿ ಸುಕ್ಕುಗಟ್ಟಿ ಬಿರಿಯುತ್ತದೆ, ಆಮೇಲೆ ಹೊಸ ಚರ್ಮವೇ ಗತಿ.

ತಾಳದ ವಿಷಯ ಇವೆಲ್ಲಕ್ಕಿಂತ ಗಂಭೀರ. ಎಷ್ಟೋ ಪದಗಳ ನಡೆ ಮೂರು ಮೂರು ಮಾತ್ರೆಯದು, ಆರು ಮಾತ್ರೆಯ ದಾದರಾಕ್ಕೆ ಸಹಜವಾಗಿ ಕೂರುತ್ತದೆ. ಎಲೆಕ್ಟ್ರಾನಿಕ್ ಪ್ಯಾಡ್ ಹಿಡಿದ ಹುಡುಗರ ಕೈಗೆ ರೂಢಿಯಾದದ್ದು ಎಂಟು ಮಾತ್ರೆಯ ಕೇರವಾ. ಯಾರ ಪದವನ್ನೂ ಎಳೆಯುವುದು ಬೇಡ, ಇಲ್ಲೇ ಒಂದು ಸಾಲು ಕಟ್ಟಿಕೊಳ್ಳೋಣ: ‘ನೋಡೊ ನಮ್ಮ ಮನೆಯ ಬಾಗ್ಲು’. ಬೆರಳು ಮಡಚಿ ಎಣಿಸಿ. ನೋಡೊ ಮೂರು, ನಮ್ಮ ಮೂರು, ಮನೆಯ ಮೂರು, ಬಾಗ್ಲು ಮೂರು. ಹನ್ನೆರಡು ಮಾತ್ರೆ, ದಾದರಾದ ಸರಿಯಾಗಿ ಎರಡು ಆವರ್ತನ. ಇದನ್ನೇ ಕೇರವಾಕ್ಕೆ ತುರುಕಿದರೆ ಪ್ರತಿ ಆರಕ್ಕೆ ಎರಡು ಮಾತ್ರೆ ಖಾಲಿ ಉಳಿಯುತ್ತವೆ. ತುಂಬಲಿಕ್ಕೆ ಹಾಡುವವರು ‘ನಮ್ಮಾಆ’, ‘ಬಾಗ್ಲೂಊ’ ಅಂತ ಎಳೆಯುತ್ತಾರೆ. ಹ್ರಸ್ವ ದೀರ್ಘವಾಯಿತು. ಗೆಳೆಯನಿಗೆ ಹೇಳಿದ ಮಾತಿನ ಚುರುಕು ಹೋಯಿತು, ಗೋಳಿನ ಧಾಟಿ ಬಂತು. ಹಿಮ್ಮೇಳ ‘ಮನೆಯ’ದ ಮೊದಲಕ್ಷರಕ್ಕೆ ಬಂದು ಸೇರುತ್ತಿದ್ದದ್ದು ಈಗ ಆ ಎಳೆತ ಮುಗಿಯುವವರೆಗೆ ಕಾಯಬೇಕು. ತತ್ವಪದದಲ್ಲಿ ಪ್ರಶ್ನೆ, ಕುಟುಕು, ಹಾಸ್ಯ ಎಲ್ಲ ಇರುತ್ತವೆ. ಎಲ್ಲವೂ ಒಂದೇ ಭಕ್ತಿಗೀತೆಯ ರಾಗಕ್ಕೆ ಬಂದು ನಿಲ್ಲುವುದು ಹೀಗೆ. ಪ್ಯಾಡಿನಲ್ಲೂ ದಾದರಾ ಬಾರಿಸಬಹುದು. ಬಾರಿಸಿ ಅಂತ ಹೇಳುವವರು ಬೇಕು ಅಷ್ಟೇ.

ಉದ್ದವೂ ಹೀಗೆಯೇ ಕತ್ತರಿಸಿಹೋಯಿತು. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ಐದು ನುಡಿ ಹಿಡಿಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ ತಾಸು ಜಾಗವಿದ್ದರೂ ನಾಲ್ಕೈದು ನಿಮಿಷದ ಹಾಡೇ ವಾಡಿಕೆಯಾಗಿ ನಿಂತಿತು. ಹೆಣದ ಮುಂದೆ ಬೆಳಗಾಗುವವರೆಗೆ ಕೂತು ಹಾಡುವ ಮೇಳಕ್ಕೆ ನಿಮಿಷದ ಲೆಕ್ಕವಿರಲಿಲ್ಲ. ಒಂದು ನುಡಿ ಮುಗಿದ ಮೇಲೆ ಅದರ ಅರ್ಥ ಬಿಡಿಸುವುದು, ಎದುರಿನವರು ಇನ್ನೊಂದು ಪದದಿಂದ ಸವಾಲು ಹಾಕುವುದು ಹಾಡಿಕೆಯ ಭಾಗವೇ ಆಗಿತ್ತು. ಈಗಲೂ ಹಳ್ಳಿಗಳಲ್ಲಿ ಈ ಶೈಲಿ ಸ್ವಲ್ಪಮಟ್ಟಿಗೆ ಗಟ್ಟಿಯಾಗಿರುವುದು ಸಾವಿನ ಮನೆಯಲ್ಲೇ, ಯಾಕಂದರೆ ಅಲ್ಲಿ ಯಾರಿಗೂ ಅವಸರವಿಲ್ಲ.

ಮೈಕಿನ ಬಗ್ಗೆ ಒಂದು ಮಾತು. ಗುಡಿಯ ಮೇಲಿನ ಭೋಂಗಾ, ಆ ಕಹಳೆಯಂಥ ಧ್ವನಿವರ್ಧಕ ಇದೆಯಲ್ಲ, ಅದರಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನ ನಾದ ಹೆಚ್ಚುಕಡಿಮೆ ಹೊರಡುವುದೇ ಇಲ್ಲ. ಗಂಡಸರ ಕರಿ ಒಂದರ ಷಡ್ಜ 139 ಹರ್ಟ್ಸ್ ಆಸುಪಾಸು. ಅಂದರೆ ಏಕತಾರಿಯ ಬುಡವೇ ಹೋಗಿ ಮೇಲಿನ ಕಿರುಗುಟ್ಟುವಿಕೆ ಮಾತ್ರ ಊರಿಗೆ ಕೇಳುತ್ತದೆ. ‘ಏಕತಾರಿ ಕೇಳಸವಲ್ದು, ಪೇಟಿ ಜೋರ್ ಮಾಡ್ರಿ’ ಅನ್ನುವ ಮಾತು ಹುಟ್ಟಿದ್ದೇ ಇಲ್ಲಿ. ಪೆಟ್ಟಿಗೆ ಸ್ಪೀಕರ್ ಎರಡಿದ್ದರೆ ಸಾಕು. ಏಕತಾರಿಗೊಂದು ಮೈಕು, ಚರ್ಮಕ್ಕೆ ನಾಲ್ಕೈದು ಅಂಗುಲ ದೂರದಲ್ಲಿ, ತಂತಿಯ ಕಡೆಗಲ್ಲ, ಬುರುಡೆಯ ಕಡೆಗೆ. ಮೈಕಿಲ್ಲದಿದ್ದರೆ ಇನ್ನೂ ಒಳ್ಳೆಯದು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಭಜನೆ ನಿಂತದ್ದು ಈ ನಿಯಮದಿಂದ ಅನ್ನುವವರಿದ್ದಾರೆ. ಭೋಂಗಾ ನಿಂತಿದೆ, ಮನೆ ಗುಡಿಗಳ ಒಳಗೆ ಮೈಕಿಲ್ಲದೆ ಕೂತು ಮಾಡುವ ಭಜನೆಗೆ ಅಡ್ಡಿಯಿಲ್ಲ.

ಬೇರೆ ಎರಡರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರಿವಾಯತ್ ಪದಗಳು ಕರ್ಬಲಾದ ಕಥನ, ಮೊಹರಂನಲ್ಲಿ ಹಿಂದೂ ಮುಸ್ಲಿಂ ಎರಡೂ ಕಡೆಯವರು ಕನ್ನಡದಲ್ಲಿ ಹಾಡುತ್ತ ಬಂದದ್ದು. ಮೊಹರಂ ಚಾಂದ್ರಮಾನದ್ದು, ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. 2024ರಲ್ಲಿ, 2025ರಲ್ಲಿ ಅದು ಬಂದದ್ದು ಜುಲೈಗೆ, ಮುಂಗಾರಿನ ನಡುವೆ, ತೊಗರಿ ಬಿತ್ತುವ ಕಾಲಕ್ಕೆ. ಬಿತ್ತನೆ ಬಿಟ್ಟು ಯಾರು ತಾಲೀಮಿಗೆ ಬರುತ್ತಾರೆ? ಹಲಗಿಯ ಚರ್ಮವೂ ತೇವಕ್ಕೆ ಸಡಿಲ. ಮೇಳ ಸೇರದ ವರ್ಷಗಳನ್ನು ನೋಡಿ ‘ಸಂಪ್ರದಾಯ ಸತ್ತಿತು’ ಅಂತ ಬರೆಯುವ ಮೊದಲು ಪಂಚಾಂಗ ನೋಡಬೇಕು. 2029ರ ಹೊತ್ತಿಗೆ ಅದು ಮತ್ತೆ ಬೇಸಿಗೆಗೆ ಬರುತ್ತದೆ. ಹಾಡುವವರನ್ನು ಅಲ್ಲಿಯವರೆಗೆ ತಾಲೀಮಿನಲ್ಲಿ ಇಟ್ಟುಕೊಳ್ಳುವುದು ನಮ್ಮ ಕೆಲಸ.

ಚೌಡಕಿಯ ವಿಷಯದಲ್ಲಿ ನಾನು ಕಣ್ಣೀರು ಹಾಕುವುದಿಲ್ಲ. ಆ ಹಾಡಿಕೆಗೆ ಎಲ್ಲಮ್ಮನಿಗೆ ಬಿಟ್ಟ ಹೆಣ್ಣುಮಕ್ಕಳ ಬದುಕು ಅಂಟಿಕೊಂಡಿತ್ತು. 1982ರ ಕಾಯ್ದೆ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿತು, ನಿಷೇಧಿಸಬೇಕಾದ್ದೇ. ಹಾಡು ಉಳಿಯಲಿ ಅಂತ ಆ ಪದ್ಧತಿ ಉಳಿಯಲಿ ಅನ್ನಲಾಗದು. ಆದರೆ ತಂತಿಯ ಬಿಗಿ ಬದಲಿಸುತ್ತ ನುಡಿಸುವ ಆ ವಾದ್ಯವನ್ನು ಯಾವ ಶಾಲೆಯ ಹುಡುಗಿಯಾದರೂ ಕಲಿಯಬಹುದು. ಕಲಿತ ಹಿರಿಯ ಹೆಣ್ಣುಮಕ್ಕಳಿಗೆ ಗುರುಗಳೆಂದು ಸಂಬಳ ಕೊಟ್ಟು ಕರೆಸಬೇಕು, ಜಾತ್ರೆಯ ಮೆರವಣಿಗೆಗೆ ಅಲ್ಲ.

ಇನ್ನು ನೀವು ಮಾಡಬಹುದಾದದ್ದು. ಊರಲ್ಲಿ ಹಾಡುವ ಹಿರಿಯರಿದ್ದರೆ ಮಟ್ಟು ಹಿಡಿದಿಡಿ, ಕೈಯಲ್ಲಿರುವ ಮೊಬೈಲು ಸಾಕು. ರೆಕಾರ್ಡಿಂಗ್ ಆಪ್‌ನಲ್ಲಿ ಎಂಪಿತ್ರೀ ಬಿಟ್ಟು ವೇವ್ ಆರಿಸಿ, 48 ಕಿಲೋಹರ್ಟ್ಸ್, ಮೋನೋ. ನಿಮಿಷಕ್ಕೆ 6 ಎಂಬಿ, ತಾಸಿಗೆ 350 ಎಂಬಿಯ ಹತ್ತಿರ. ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ. ಏರ್‌ಪ್ಲೇನ್ ಮೋಡ್ ಹಾಕಿ, ಫ್ಯಾನ್ ಆರಿಸಿ. ತಾನಾಗಿ ದನಿ ಏರಿಳಿಸುವ ಆಯ್ಕೆ ಇದ್ದರೆ ಬಂದ್ ಮಾಡಿ, ಇಲ್ಲದಿದ್ದರೆ ಹಾಡು ನಿಂತಾಗಲೆಲ್ಲ ಏಕತಾರಿ ಉಬ್ಬಿಕೊಂಡು ಬರುತ್ತದೆ. ಫೋನನ್ನು ಬಾಯಿಗೆ ಒಂದು ಮೊಳ ದೂರದಲ್ಲಿ ಮಡಚಿದ ಟವೆಲ್ ಮೇಲಿಡಿ. ಬರೀ ನೆಲದ ಮೇಲಿಟ್ಟರೆ ದಮ್ಮಡಿಯ ಅದುರೇ ತುಂಬುತ್ತದೆ.

ಮೊದಲು ಅರ್ಧ ನಿಮಿಷ ಬರೇ ಏಕತಾರಿ. ಆಮೇಲೆ ಪದದ ಮೊದಲ ಸಾಲು, ಊರು, ತಾಳ, ಯಾರಿಂದ ಕಲಿತದ್ದು, ಅವರ ಬಾಯಿಂದಲೇ. ಒಂದು ಸಲ ಒಬ್ಬರೇ ಪೇಟಿ ಇಲ್ಲದೆ ಪೂರ್ತಿ ಹಾಡಲಿ, ಎರಡನೇ ಸಲ ಮೇಳದೊಂದಿಗೆ. ಪಲ್ಲವಿ, ಒಂದು ನುಡಿ ಸಾಕು ಅಂತ ಎದ್ದರೆ ಕೆಲಸ ಕೆಟ್ಟಂತೆ; ಮಟ್ಟು ತಿರುಗುವುದು ಅನೇಕ ಸಲ ಮೂರನೇ ನುಡಿಯಲ್ಲಿ. ಮನೆಗೆ ಬಂದು ಆರು ಮನೆಯ ಗೀಟು ಹಾಕಿ ಒಂದೊಂದು ಮಾತ್ರೆಗೆ ಒಂದೊಂದು ಮನೆಯಂತೆ ಅಕ್ಷರ ತುಂಬಿ, ಹಿಮ್ಮೇಳ ಸೇರುವ ಮನೆಗೆ ಗುರುತು ಹಾಕಿ. ಮನೆ ಉಳಿದರೆ ತಾಳ ದಾದರಾ ಅಲ್ಲ ಅಂತ ತಿಳಿದು ಎಂಟಕ್ಕೆ, ಹದಿನಾಲ್ಕಕ್ಕೆ ಹಾಕಿ ನೋಡಿ.

ಕಡತಕ್ಕೆ ಊರು, ಪದದ ಮೊದಲ ಶಬ್ದ, ತಾರೀಖು ಸೇರಿಸಿ ಹೆಸರಿಡಿ. ವಾಟ್ಸಾಪಿನಲ್ಲಿ ಆಡಿಯೋ ಆಗಿ ಕಳಿಸಿದರೆ ಒತ್ತಿ ಚಿಕ್ಕದಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಹಾಡಿದವರನ್ನು ಕೇಳದೆ ಯೂಟ್ಯೂಬಿಗೆ ಹಾಕಬೇಡಿ. ಕೆಲವು ಪದಗಳನ್ನು ಅವರು ಗುರುವಿನ ಮುಂದೆ ಮಾತ್ರ ಹಾಡುತ್ತಾರೆ. ಅಂಥವನ್ನು ಬೇರೆ ಕಡತದಲ್ಲಿಟ್ಟು, ಯಾರಿಗೆ ಕೇಳಿಸಬಹುದು ಅಂತ ಅವರಿಂದಲೇ ಹೇಳಿಸಿ ಬರೆದುಕೊಳ್ಳಿ.