ಅಟ್ಟದ ಕೋಣೆಗೆ ಇನ್ನೊಂದು ಪದರ

ಕೇಳುಗರೆಲ್ಲರಿಗೂ ನಮಸ್ಕಾರ.

ಅಟ್ಟವನ್ನು ಕೋಣೆ ಮಾಡಿಕೊಂಡವರ ದೂರು ಹೆಚ್ಚಾಗಿ ಒಂದೇ. ಬೇಸಿಗೆಯಲ್ಲಿ ಅಲ್ಲಿ ಕೂರಲು ಆಗುವುದಿಲ್ಲ, ಚಳಿಗಾಲದಲ್ಲಿ ಮಲಗಲು ಆಗುವುದಿಲ್ಲ. ಇರುವ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರದ ಮೇಲೆ ಇನ್ನೂ ಸ್ವಲ್ಪ ತುಂಬಿಸಿದರೆ ಸರಿಹೋಗುತ್ತದಾ ಅಂತ ಕೇಳುತ್ತಾರೆ. ಹೋಗುತ್ತದೆ. ಆದರೆ ಎಷ್ಟು ದಪ್ಪ ಅನ್ನುವುದಕ್ಕಿಂತ ಎಲ್ಲಿ ಹಾಕುತ್ತೀರಿ ಅನ್ನುವುದೇ ಮುಖ್ಯ.

ಸಾಮಾನ್ಯವಾಗಿ ಇಳಿಜಾರು ಚಾವಣಿಯನ್ನು ಹೊರುವ ಓರೆ ಮರಗಳಾದ ಪಕ್ಕಾಸುಗಳ ನಡುವೆ ಖನಿಜ ಉಣ್ಣೆ, ಅಂದರೆ ಕಲ್ಲು ಇಲ್ಲವೇ ಗಾಜಿನ ನಾರಿನ ಹಾಸು, ತುಂಬಿರುತ್ತಾರೆ. ಅದರೊಳಗೆ ಇನ್ನಷ್ಟು ಒತ್ತಿ ತುರುಕಬೇಡಿ. ಉಣ್ಣೆ ಶಾಖ ತಡೆಯುವುದೇ ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ, ಒತ್ತಿದರೆ ದಪ್ಪವೂ ಕಡಿಮೆ, ಗಾಳಿಯೂ ಕಡಿಮೆ. ಹಳೆಯ ಚಾವಣಿಗಳಲ್ಲಿ ಹೆಂಚಿನ ಕೆಳಗಿನ ಹಾಳೆ ತೇವವನ್ನು ಹೊರಗೆ ಬಿಡುವಂಥದ್ದಲ್ಲ. ಅಲ್ಲಿ ಹಾಳೆಗೂ ಉಣ್ಣೆಗೂ ನಡುವೆ ಸುಮಾರು 50 ಮಿಲಿಮೀಟರ್ ಗಾಳಿ ಆಡುವ ಜಾಗ ಬೇಕೇ ಬೇಕು. ಅದನ್ನು ಮುಚ್ಚಿದರೆ ಮರ ಕೊಳೆಯಲು ದಾರಿ ಮಾಡಿಕೊಟ್ಟ ಹಾಗೆ.

ಹೊಸ ಪದರಕ್ಕೆ ಒಳ್ಳೆಯ ಜಾಗ ಪಕ್ಕಾಸುಗಳ ಕೆಳಗೆ, ಕೋಣೆಯ ಕಡೆ. ಉಣ್ಣೆಗಿಂತ ಮರದ ಮೂಲಕ ಶಾಖ ಸುಮಾರು 3 ಪಟ್ಟು ಸುಲಭವಾಗಿ ದಾಟುತ್ತದೆ. ಅಡ್ಡಲಾಗಿ, ಬಿಡುವಿಲ್ಲದೆ ಒಂದು ಪದರ ಹಾಕಿದಾಗ ಆ ಮರಗಳೂ ಮುಚ್ಚಿಕೊಳ್ಳುತ್ತವೆ. ತಲೆ ತಾಗುವ ಚಿಂತೆ ಇದ್ದರೆ ಪಿಐಆರ್ ಬೋರ್ಡ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ನೊರೆಯ ಹಲಗೆ ನೋಡಿ, ಉಣ್ಣೆಯ ಹೆಚ್ಚುಕಡಿಮೆ ಅರ್ಧ ದಪ್ಪದಲ್ಲೇ ಅಷ್ಟೇ ಕೆಲಸ ಮಾಡುತ್ತದೆ. ಬಿಸಿಲೇ ನಿಮ್ಮ ತೊಂದರೆಯಾದರೆ ಭಾರದ ಮರನಾರಿನ ಹಲಗೆ ಒಳ್ಳೆಯದು, ಜಾಗ ಜಾಸ್ತಿ ತಿನ್ನುತ್ತದೆ ನಿಜ, ಆದರೆ ಮಧ್ಯಾಹ್ನದ ಕಾವು ಒಳಗೆ ಬರುವುದನ್ನು ಗಂಟೆಗಟ್ಟಲೆ ತಡಮಾಡುತ್ತದೆ.

ಈಗ ತೇವದ ಮಾತು. 20 ಡಿಗ್ರಿ ಬೆಚ್ಚಗಿರುವ, ಶೇಕಡಾ 60ರಷ್ಟು ತೇವಾಂಶವಿರುವ ಕೋಣೆಯ ಗಾಳಿ 12 ಡಿಗ್ರಿಯ ತಣ್ಣನೆಯ ಮರಕ್ಕೆ ತಾಗಿದರೆ ಸಾಕು, ಅಲ್ಲೇ ನೀರಾಗುತ್ತದೆ. ಹಾಗಾಗಿ ಚಳಿ ಇರುವ ಕಡೆ, ಇನ್ಸುಲೇಷನ್‌ನ ಬೆಚ್ಚಗಿನ ಬದಿಗೆ ಆವಿ ತಡೆಯುವ ಹಾಳೆ ಹಾಕಿ, ಕೀಲುಗಳಿಗೆಲ್ಲ ಟೇಪ್ ಹಚ್ಚಬೇಕು. ವರ್ಷವಿಡೀ ಸೆಕೆ ಇದ್ದು ಎಸಿ ಓಡುವ ಕಡೆ ಆವಿ ಹೊರಗಿನಿಂದ ಒಳಕ್ಕೆ ಬರುತ್ತದೆ, ಅಲ್ಲಿ ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ನೀರು ಚಾವಣಿಯ ಪದರಗಳೊಳಗೇ ಸಿಕ್ಕಿಬೀಳುತ್ತದೆ.

ಎಲ್ಲರೂ ಮರೆಯುವ ಜಾಗ ಒಂದಿದೆ. ಇಳಿಜಾರು ತಗ್ಗಾಗುವ ಕಡೆ ಕಟ್ಟುವ ಗಿಡ್ಡ ಗೋಡೆ ಇದೆಯಲ್ಲ, ಅದರ ಹಿಂದೆ ಹೊರಗಿನ ಗಾಳಿಯೇ ಇರುತ್ತದೆ. ಗೋಡೆಯ ಹಿಂಬದಿಗೂ ಇನ್ಸುಲೇಷನ್ ಬೇಕು, ಅದರಾಚೆಯ ನೆಲಕ್ಕೂ ಬೇಕು. ನೆಲದ ತೊಲೆಗಳ ನಡುವೆ, ಗೋಡೆಯ ನೇರ ಕೆಳಗೆ, ಅಡ್ಡ ಹಲಗೆ ಕೂರಿಸಿ ಸಂದು ಮುಚ್ಚಿ. ಇಲ್ಲವಾದರೆ ನೀವು ನಡೆಯುವ ಹಲಗೆಯ ಅಡಿಯಲ್ಲೇ ಗಾಳಿ ಬೀಸುತ್ತಿರುತ್ತದೆ, ಚಾವಣಿಗೆ ಹಾಕಿದ ಖರ್ಚೆಲ್ಲ ಸುಮ್ನೆ. ಆ ಜಾಗಕ್ಕೆ ಹೋಗುವ ಪುಟ್ಟ ಬಾಗಿಲಿಗೂ ಬೋರ್ಡ್ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿ.

ವೈರಿನ ಬಗ್ಗೆ ಎಚ್ಚರ. ಇನ್ಸುಲೇಷನ್‌ನೊಳಗೆ ಹೂತ ವೈರು ಬಿಸಿಯಾಗುತ್ತದೆ, ಚಾವಣಿಯೊಳಗೆ ಕೂರಿಸಿದ ಲೈಟಿನ ಕಥೆಯೂ ಅಷ್ಟೇ. ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಥರದ ಹಲಗೆ, ತಾಗಿದರೆ ಪಿವಿಸಿ ವೈರಿನ ಹೊದಿಕೆಯೇ ಹಾಳಾಗುತ್ತದೆ. ಬೋರ್ಡ್ ಮುಚ್ಚುವ ಮೊದಲು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ, ವೈರು ಎಲ್ಲೆಲ್ಲಿ ಹೋಗಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ನಮಸ್ಕಾರ.